ಗುಂಡು ಹಾರಿಸದ ಡ್ಯೂಟಿ

ಕಾಡಿನೊಳಗಿನ ಪುಟ್ಟ ಹಾಡಿಯಾದ ಪೋಡಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಮೀನಾ ಸೀಗೆಕಾಯಿ ಮಾರುವ ನೆಪ ಹೇಳಿ ಮತ್ತೆ ಕೌದಳ್ಳಿಗೆ ಬಂದಿದ್ದಳು. ಅತ್ತೆ ಬೊಮ್ಮಿಗೆ ನಿಜ ಹೇಳುವಂತಿರಲಿಲ್ಲ. ಮಗ ಮಹದೇವ ಮಿಲಿಟರಿಯಲ್ಲಿದ್ದಾನೆ, ಈ ವರ್ಷ ಪರದೇಶದಲ್ಲಿ ಡ್ಯೂಟಿ ಎಂಬುದಷ್ಟೇ ಬೊಮ್ಮಿಗೆ ಗೊತ್ತು. ಆ ದೇಶದ ಹೆಸರು ಲೆಬನಾನ್ ಎಂದಾಗಲಿ, ಗಾಜಾದಲ್ಲಿ ಹತ್ತಿದ ಬೆಂಕಿ ಗಡಿ ದಾಟಿ ಅಲ್ಲಿಗೂ ಹಬ್ಬಿದೆ ಎಂದಾಗಲಿ ತಿಳಿದಿರಲಿಲ್ಲ. “ಗುಂಡು ಆರ್ಸೋ ಡ್ಯೂಟಿ ಅಲ್ಲ ಕಣವ್ವ, ಎರಡು ಕಡೆಯೋರು ಬಡುದಾಡ್ದಂಗೆ ನಡೂಕೆ ನಿಂತು ಕಾಯೋದು,” ಎಂದು ಹೊರಡುವಾಗ ಅವನು ಹೇಳಿದ್ದ. ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡ ಫೋಟೊ ಕಳಿಸಿದಾಗ, ಟೋಪಿ ಮಗನಿಗೆ ಒಪ್ಪುತ್ತದೆ ಎಂದು ಬೊಮ್ಮಿ ಪೋಡಿಗೆಲ್ಲ ತೋರಿಸಿಕೊಂಡು ಬಂದಿದ್ದಳು.

ಕೌದಳ್ಳಿಯ ರಸ್ತೆಗೆ ಬರುತ್ತಲೇ ಮೊಬೈಲು ಟಿಣ್ ಟಿಣ್ ಎಂದಿತು. ಎಲ್ಲ ಮೊಬೈಲ್ ಕಂಪನಿಯ ಮೆಸೇಜುಗಳು. ಮಹದೇವನ ಕಡೆಯ ಮಾತು ಹಳೆಯದೇ: ‘ಬಂಕರ್‌ನಲ್ಲಿದ್ದೀವಿ. ಫೋನ್ ಆಗಲ್ಲ. ಅವ್ವಂಗೆ ಹೇಳ್ಬೇಡ.’

ಸಿದ್ದಮಲ್ಲಪ್ಪನ ದಿನಸಿ ಅಂಗಡಿಯಲ್ಲಿ ಟಿವಿ ಜೋರಾಗಿತ್ತು. ಸಾಹುಕಾರ ಬೇಳೆ ತೂಗುತ್ತಲೇ ಗಿರಾಕಿಗಳಿಗೆ ಯುದ್ಧ ಬಿಡಿಸಿ ಹೇಳುತ್ತಿದ್ದ. “ನೋಡ್ತಾ ಇರಿ, ಇವತ್ತಲ್ಲ ನಾಳೆ ಇರಾನ್ ಯುದ್ಧಕ್ಕೆ ಇಳೀತದೆ. ಅದು ಇಳುದ್ರೆ ಅಮೇರಿಕದೋನು ಸುಮ್ನಿದ್ದಾನಾ? ಆಗ್ಲೇ ಹಡಗು ತಂದು ನಿಲ್ಸವ್ನೆ!” ಕ್ರಿಕೆಟ್ಟಿನ ಸ್ಕೋರು ಹೇಳುವವನ ಹುರುಪು ಅವನ ದನಿಯಲ್ಲಿತ್ತು.

ಅಷ್ಟರಲ್ಲಿ ಟಿವಿಯವನು ಶಾಂತಿಪಡೆಯ ಠಾಣೆಯೊಂದಕ್ಕೆ ಗುಂಡು ಬಿದ್ದು ಇಬ್ಬರು ಸೈನಿಕರಿಗೆ ಗಾಯವಾಗಿದೆ ಎಂದ. ಜಾಗ ಬಿಟ್ಟು ಹೋಗಿ ಎಂದು ಇಸ್ರೇಲ್ ಶಾಂತಿಪಡೆಗೆ ಹೇಳಿದೆ, ಸೈನ್ಯ ಕಳಿಸಿದ ದೇಶಗಳು ಒಪ್ಪಿಲ್ಲ ಎಂದ. ಮೀನಾ ಸೀಗೆಕಾಯಿ ಚೀಲ ಇಳಿಸಿ ಅಂಗಡಿಯ ಹತ್ತಿರ ಬಂದಳು.

“ಸಾವ್ಕಾರ್ರೇ, ಗಾಯ ಆದೋರು ಯಾವ್ ದೇಸ್ದೋರಂತೆ?”

“ಇನ್ನೂ ಯೋಳಿಲ್ಲ. ಯಾಕವ್ವ?”

“ನಮ್ಮನೇರು ಅಲ್ಲೇ ಅವ್ರೆ.”

ಸಿದ್ದಮಲ್ಲಪ್ಪ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟ. ರಿಮೋಟಿಗಾಗಿ ತಡಕಾಡಿ, ಸಿಗದೆ, ಗೋಡೆಯ ಸ್ವಿಚ್ಚನ್ನೇ ಆರಿಸಿದ. ಆಮೇಲೆ ಹನೂರಿನ ತನ್ನ ಗೆಳೆಯ, ನಿವೃತ್ತ ಹವಾಲ್ದಾರ್ ಬಸವರಾಜುವಿಗೆ ಫೋನ್ ಹಚ್ಚಿದ. ವಿಚಾರಿಸಿ ತಿಳಿಸುತ್ತೇನೆಂದು ಅವನು ಫೋನ್ ಇಟ್ಟ.

ಮೀನಾ ಬೆಲ್ಲದ ಪೆಟ್ಟಿಗೆಯ ಮೇಲೆ ಕುಳಿತಳು. ಏನಾದರೂ ಆಗಿದ್ದರೆ ಸುದ್ದಿ ತರುವವರು ಯಾರು? ಪೊಲೀಸರೋ, ಫಾರೆಸ್ಟಿನವರೋ? ಯಾರೇ ಬಂದರೂ ಜೀಪಿನಲ್ಲಿ ಬರುತ್ತಾರೆ. ತಾನಿಲ್ಲಿ ಕುಳಿತಿರುವಾಗಲೇ ಅತ್ತೆಯ ಮುಂದೆ ಜೀಪು ನಿಂತಿದ್ದರೆ? ರಸ್ತೆಯಲ್ಲಿ ಯಾವುದೋ ಜೀಪಿನ ಸದ್ದಾಯಿತು. ಅವಳು ತಟ್ಟನೆ ಎದ್ದು ನಿಂತಳು. ಅದು ಬಾಳೆಗೊನೆ ಹೇರಿಕೊಂಡು ಬೆಟ್ಟದ ಕಡೆಗೆ ಹೋಯಿತು. ಸಿದ್ದಮಲ್ಲಪ್ಪ ಟೀ ತರಿಸಿಕೊಟ್ಟ. ಟೀ ಕೆನೆಗಟ್ಟಿತೇ ಹೊರತು ಅವಳ ತುಟಿಗೆ ಹೋಗಲಿಲ್ಲ.

ಕೊನೆಗೂ ಬಸವರಾಜುವಿನ ಫೋನು ಬಂತು. ಸಿದ್ದಮಲ್ಲಪ್ಪ ಅದನ್ನು ಮೀನಾಳ ಕೈಗೇ ಕೊಟ್ಟ. “ನಮ್ಮೋರಲ್ಲ ಕಣವ್ವ. ಬ್ಯಾರೆ ದೇಸ್ದೋರು. ನಮ್ಮೋರು ಸೇಫಾಗವ್ರೆ.”

“ಸದ್ಯ!” ಎಂದಳು ಮೀನಾ. ಅಂದ ಮೇಲೆ ಆ ಮಾತು ಅವಳಿಗೇ ಕೆಟ್ಟದಾಗಿ ಕೇಳಿಸಿತು. ಆ ಇಬ್ಬರಿಗೂ ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರಲ್ಲ.

“ಓಗಿ ಅಂತ ಅವ್ರೇ ಯೋಳವ್ರಲ್ಲ ಸಾ. ಬಂದ್ಬುಡೋದಲ್ವಾ?” ಎಂದು ಕೇಳಿದಳು.

“ಸೋಲ್ಜರ್ ತನ್ನಿಷ್ಟಕ್ಕೆ ಬರಂಗಿಲ್ಲವ್ವ. ಡೆಲ್ಲಿನೋರು ಯೋಳ್ಬೇಕು. ಯಾವ್ ದೇಸವೂ ಕದಲಾಕಿಲ್ಲ ಅಂತ ಕುಂತದೆ. ಇವ್ರು ಬಂದ್ಬುಟ್ರೆ ನಡೂಕೆ ಯಾರವ್ರೆ ಯೋಳು?”

ಸಂಜೆ ಪೋಡಿಗೆ ಬಂದಾಗ ಬೊಮ್ಮಿ ಒಲೆ ಹಚ್ಚುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು: “ದಿನಾ ಮುದ್ದೆ ಅರ್ಧ ಬುಟ್ಟು ಏಳ್ತೀಯೆ. ಸೀಗೆಕಾಯಿ ಮಾರೋಳ ಮೊಕ ಇಂಗಿದ್ದದಾ? ಮಾದೇವಂಗೆ ಏನಾಯ್ತು ಯೋಳು.”

ಮೀನಾಳಿಂದ ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ಬೊಮ್ಮಿ ಒಲೆಗೆ ಇಟ್ಟ ಸೌದೆಯನ್ನು ಹಿಂದಕ್ಕೆ ಎಳೆದಳು. ಆ ದಿನ ಮನೆಯಲ್ಲಿ ಅಡುಗೆಯಾಗಲಿಲ್ಲ.

ಬೆಳಗಾಗುತ್ತಲೇ ಇಬ್ಬರೂ ಕೌದಳ್ಳಿಗೆ ಬಂದು ಸಿದ್ದಮಲ್ಲಪ್ಪನ ಅಂಗಡಿಯ ಮುಂದೆ ಕುಳಿತರು. ಬಿಸಿಲೇರುವ ಹೊತ್ತಿಗೆ ಫೋನು ಹೊಡೆದುಕೊಂಡಿತು. ಮೀನಾ “ಅಲೋ” ಎನ್ನುವಷ್ಟರಲ್ಲಿ ಬೊಮ್ಮಿ ಅದನ್ನು ಕಿತ್ತುಕೊಂಡಳು.

“ಮಾದೇವ, ಬಂದ್ಬುಡ್ಲಾ ಮಗ. ಓಗಿ ಅಂದವ್ರಂತಲ್ಲ!”

ಅವ್ವನ ದನಿ ಕೇಳಿ ಅವನು “ನೀನಾ ಅವ್ವ?” ಎಂದದ್ದು ಮೀನಾಳಿಗೂ ಕೇಳಿಸಿತು. ಆಮೇಲೆ ಅವನೆಂದ: “ಸೆಂದಾಗಿವ್ನಿ ಕಣವ್ವ. ಇಲ್ಲಿ ಊರೋರ್ಗೂ ಓಗಿ ಅಂದವ್ರೆ. ಎಲ್ಲಾ ಗಂಟು ಮೂಟೆ ಕಟ್ಕಂಡು ಓದ್ರು. ಒಂದು ಮುದುಕಿ ಮಾತ್ರ ತೋಟ ಬುಟ್ಟು ಬರಾಕಿಲ್ಲ ಅಂತ ಬಾಗ್ಲಲ್ಲೇ ಕುಂತದೆ. ಆಗಾಗ ನೀರು, ರೊಟ್ಟಿ ಕೊಟ್ಟು ಬತ್ತೀವಿ. ನಾವೂ ಬಂದ್ಬುಟ್ರೆ…”

ಧಡ್ ಎಂದು ಏನೋ ಸದ್ದಾಯಿತು. ಫೋನು ಸತ್ತಿತು.

ಬೊಮ್ಮಿ ಅದನ್ನು ಕಿವಿಯಿಂದ ತೆಗೆಯಲಿಲ್ಲ. ಮೀನಾ ಬಿಡಿಸಿಕೊಂಡು ಮತ್ತೆ ಮತ್ತೆ ಒತ್ತಿದಳು. ಆ ಕಡೆ ರಿಂಗೇ ಆಗಲಿಲ್ಲ. ಸಿದ್ದಮಲ್ಲಪ್ಪ ನೀರಿನ ಚೊಂಬು ತಂದಿಟ್ಟ. ಹಿಂದೊಮ್ಮೆ ಕಾಡು ಬಿಡಿ ಎಂದು ಆಫೀಸರುಗಳು ಬಂದಾಗ, ಬೊಮ್ಮಿಯೂ ಆ ಮುದುಕಿಯಂತೆಯೇ ಹಟ್ಟಿಯ ಬಾಗಿಲಲ್ಲಿ ಕುಳಿತುಬಿಟ್ಟಿದ್ದಳಂತೆ. ಮಹದೇವ ಅದನ್ನು ಹೆಂಡತಿಗೆ ನಗುತ್ತಾ ಹೇಳುತ್ತಿದ್ದ.

“ಆ ಮುದುಕಿಗೆ ಮಕ್ಕಳು ಮರಿ ಇಲ್ವಂತಾ?” ಎಂದಳು ಬೊಮ್ಮಿ, ತೀರಾ ಮೆಲ್ಲಗೆ.

“ಗೊತ್ತಿಲ್ಲ ಅತ್ತೆ.”

ಅಂಗಡಿಯ ನೆರಳು ರಸ್ತೆಗೆ ಇಳಿದ ಮೇಲೆ ಮೆಸೇಜು ಬಂತು. ಮೀನಾ ಗಟ್ಟಿಯಾಗಿ ಓದಿದಳು: ‘ದೂರದಲ್ಲಿ ಬಿತ್ತು. ಎಲ್ಲ ಸರಿ. ನಾಳೆ ಫೋನ್ ಮಾಡ್ತೀನಿ.’ ಬೊಮ್ಮಿ ಇನ್ನೊಮ್ಮೆ ಓದಿಸಿದಳು.

“ನಾಳೆ ಅಂತಲೇ ಬರ್ದವ್ನಾ?”

“ಊ ಅತ್ತೆ.”

“ಅಂಗಾರೆ ನಾಳೀಕೂ ಬರಾನ,” ಎಂದು ಬೊಮ್ಮಿ ಮೊಣಕಾಲಿಗೆ ಕೈಯೂರಿ ಎದ್ದಳು.