ಕೆಂಚಿಯ ಜವಾಬ್ದಾರಿ

ಶನಿವಾರ ಬೆಳಿಗ್ಗೆ ಅವ್ವನ ಫೋನು ಬಂದಾಗ ಸುಷ್ಮಿತಾ ಸೊರಬದ ತನ್ನ ಬಾಡಿಗೆ ಕೋಣೆಯಲ್ಲಿ ಮೂಲ್ಕಿಗೆ ಹೊರಡಲು ಚೀಲ ತುಂಬುತ್ತಿದ್ದಳು. ಸಮುದ್ರ ನೋಡಿ ಹದಿನಾಲ್ಕು ತಿಂಗಳಾಗಿತ್ತು. ಮಂಗಳೂರಿನಲ್ಲಿ ದೈಹಿಕ ಶಿಕ್ಷಣದ ಕೋರ್ಸು ಓದುವಾಗ ಗೆಳತಿ ಚೈತ್ರಶ್ರೀ ಅವಳನ್ನು ಮೂಲ್ಕಿಯ ಕಡಲಿಗೆ ಕರೆದೊಯ್ದು ಅಲೆಯ ಮೇಲೆ ಜಾರುವ ಸರ್ಫಿಂಗ್ ಹಲಗೆಯ ಮೇಲೆ ಹತ್ತಿಸಿದ್ದಳು. ಸುಷ್ಮಿತಾ ಕುರಿ ಸಾಕುವವರ ಮನೆಯ ಹುಡುಗಿ. ಅಲ್ಲಿಯ ತನಕ ಊರ ಕೆರೆಯಲ್ಲೂ ಮೊಣಕಾಲಿನ ಮೇಲೆ ನೀರಿಗೆ ಇಳಿದವಳಲ್ಲ. ಅವತ್ತು ಎಷ್ಟು ಸಲ ಬಿದ್ದಳೋ ಲೆಕ್ಕವಿಲ್ಲ. ಸಂಜೆಯ ಹೊತ್ತಿಗೆ ಒಂದು ಸಲ ಎದ್ದು ನಿಂತಿದ್ದಳು, ಅಷ್ಟೇ ಸಾಕಾಗಿತ್ತು.

ಈಗ ಸೊರಬದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರು. ರಜೆ ಬಂತೆಂದರೆ ಏನೋ ಒಂದು ಅಡ್ಡ ಬರುತ್ತಿತ್ತು. ರಕ್ತದಾನದ ಶಿಬಿರ, ಗುಡವಿ ಕೆರೆಯ ದಂಡೆಯಲ್ಲಿ ಪ್ಲಾಸ್ಟಿಕ್ ಹೆಕ್ಕುವುದು, ಯಾರದೋ ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡ ನಾಯಿ. ಬೇಡ ಎನ್ನಲು ಅವಳಿಗೆ ಬರುತ್ತಿರಲಿಲ್ಲ. ಈ ಸಲ ಚೈತ್ರಶ್ರೀಗೆ ಬಿಟ್ಟು ಯಾರಿಗೂ ಹೇಳದೆ ಹೊರಟಿದ್ದಳು.

"ನಾಯಿ ಕುರಿ ರೊಪ್ಪಕ್ಕೆ ನುಗ್ಗ್ಯಾವವ್ವ," ಎಂದಳು ಅವ್ವ ತಾಯಮ್ಮ ಫೋನಿನಲ್ಲಿ. "ಏಳು ಮರಿ ಹೋದ್ವು. ನಿಮ್ಮಪ್ಪ ಮಾತಾಡ್ತಿಲ್ಲ. ಮಾಳೇಶ ಔಷಧಿ ತರಾಕೆ ಶಿರಾಳಕೊಪ್ಪಕ್ಕೆ ಹೋಗ್ಯಾನೆ."

ಯಾವ ಔಷಧಿ ಎಂದು ಕೇಳಬೇಕಾಗಿರಲಿಲ್ಲ. ಬಂದಳಿಕೆಯ ಪಕ್ಕದ ಅವರ ಊರಿನಲ್ಲಿ ಹೋದ ವರ್ಷವೇ ಬೀದಿ ನಾಯಿಗಳಿಗೆ ವಿಷ ಹಾಕಬೇಕೆಂಬ ಮಾತೆದ್ದಿತ್ತು. ಆಗ ಗ್ರಾಮಸಭೆಯಲ್ಲಿ ಎದ್ದು ನಿಂತವಳು ಸುಷ್ಮಿತಾ. ನಾಯಿಗಳನ್ನು ಹಿಡಿದು, ಮರಿಯಾಗದಂತೆ ಆಪರೇಷನ್ ಮಾಡಿಸಿ, ಹುಚ್ಚಿನ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ತಂದು ಬಿಡಬೇಕೆಂಬ ನಿಯಮವನ್ನು ಓದಿ ಹೇಳಿದ್ದಳು. "ಇವುಗಳ ಜವಾಬ್ದಾರಿ ನಂದು" ಎಂದೂ ಅಂದಿದ್ದಳು. ಪಶು ಆಸ್ಪತ್ರೆಯ ಧರ್ಮಪ್ಪನವರ ಜೊತೆ ನಾಲ್ಕು ಭಾನುವಾರ ಬಲೆ ಹಿಡಿದು ಓಡಾಡಿ, ಹದಿಮೂರು ನಾಯಿಗಳನ್ನು ಶಿವಮೊಗ್ಗಕ್ಕೆ ಸಾಗಿಸಿ, ವಾಪಸ್ ತಂದು ಬಿಟ್ಟಿದ್ದಳು. ಆಪರೇಷನ್ ಆದ ಗುರುತಿಗೆ ಅವುಗಳ ಕಿವಿಯ ತುದಿ ಕತ್ತರಿಸಿರುತ್ತಾರೆ.

ಚೀಲವನ್ನು ಮಂಚದ ಮೇಲೆ ಹಾಗೇ ಬಿಟ್ಟು ಶಿಕಾರಿಪುರದ ಬಸ್ಸು ಹತ್ತಿದಳು. ಶಿರಾಳಕೊಪ್ಪದಲ್ಲಿ ಇಳಿದು ಆಟೊ ಹಿಡಿದಳು.

ಮರಿಗಳನ್ನು ರೊಪ್ಪದ ಮುಂದೆ ಸಾಲಾಗಿ ಮಲಗಿಸಿ ಮೇಲೆ ಕಂಬಳಿ ಹೊದಿಸಿದ್ದರು. ಕಂಬಳಿ ಸಾಲದೆ ಕೊನೆಯದರ ಕಾಲು ಹೊರಗೆ ಕಾಣುತ್ತಿತ್ತು. ಅಪ್ಪ ಚಿಕ್ಕಬೀರಪ್ಪ ಬೇಲಿಯ ಮುಳ್ಳುಕಂಟಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತರೂ ತಿರುಗಿ ನೋಡಲಿಲ್ಲ. ಒಳಗೆ ತಾಯಿಕುರಿಗಳು ಒಂದೇ ಸಮನೆ ಅರಚುತ್ತಿದ್ದವು.

ತಮ್ಮ ಮಾಳೇಶ ಬೈಕು ನಿಲ್ಲಿಸಿ ಬಂದ. ಅಂಗಿಯ ಜೇಬಿನಲ್ಲಿ ಪೊಟ್ಟಣವಿತ್ತು.

"ಮೂರು ನಾಯಿ ಅಕ್ಕ. ನಾನೇ ನೋಡೀನಿ. ಮುಂದಿದ್ದದ್ದು ಯಾವ್ದು ಗೊತ್ತಾ? ನಿನ್ನ ಕೆಂಚಿ."

"ಸರಿಯಾಗಿ ನೋಡಿದ್ಯಾ?"

"ಬೆಳಕು ಹರಿದಿತ್ತು. ಕಿವಿ ಕತ್ತರಿಸಿದ್ದು ಕಾಣ್ತಿತ್ತು."

ಕೆಂಚಿ ಎಂದರೆ ಶಿವಮೊಗ್ಗದಿಂದ ಊರಿನ ತನಕ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಬಂದಿದ್ದ ಹೆಣ್ಣು ನಾಯಿ.

"ವಿಷ ಇಟ್ರೆ ಆ ಮೂರೇ ತಿನ್ನಲ್ಲ ಮಾಳೇಶ. ನಮ್ಮ ಮನೆ ನಾಯಿ ಕರಿಯನೂ ತಿಂತಾನೆ. ಕಾಗೆ, ನವಿಲು..."

"ಗೊತ್ತು," ಎಂದ ಮಾಳೇಶ. ಅವನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. "ಎಲ್ರ ಮುಂದೆ ಹೇಳಿದ್ಯಲ್ಲ, ಜವಾಬ್ದಾರಿ ನಂದು ಅಂತ. ನಾನೂ ಚಪ್ಪಾಳೆ ತಟ್ಟಿದ್ದೆ."

ಸುಷ್ಮಿತಾ ಹೋಗಿ ಕಂಬಳಿಯ ಅಂಚನ್ನು ಕೊನೆಯ ಮರಿಯ ಕಾಲಿನ ಮೇಲೆ ಎಳೆದಳು.

ಆಗ ಚಿಕ್ಕಬೀರಪ್ಪ ಬಾಯಿ ಬಿಟ್ಟ. "ಆ ಮೂರು ನಾಯಿ ಸಂಜೀಗೆ ಈ ಊರಾಗೆ ಇರಬಾರ್ದು. ಹೆಂಗೆ ಮಾಡ್ತೀಯೋ ನೀನೇ ನೋಡು. ಅಲ್ಲೀ ತನಕ ಅವನು ಪೊಟ್ಟಣ ಬಿಚ್ಚಲ್ಲ."

ಅವಳು ಧರ್ಮಪ್ಪನವರಿಗೆ ಫೋನು ಮಾಡಿ, ಮೂರು ನಾಯಿಗಳನ್ನು ಇಡಲು ಬೇರೆ ಊರಿನಲ್ಲಿ ಜಾಗ ಕೇಳಿದಳು.

"ನಿಯಮದ ಪ್ರಕಾರ ಬೇರೆ ಕಡೆ ಸಾಗಿಸೋ ಹಂಗಿಲ್ಲವಲ್ರೀ ಮೇಡಂ."

"ಗೊತ್ತು ಸಾರ್. ಓದಿ ಹೇಳಿದ್ದೇ ನಾನು."

ಹಾಗಾದರೆ ಕುಪ್ಪಗಡ್ಡೆಯಲ್ಲಿ ತಮ್ಮ ಅಕ್ಕ ಶೇಷಮ್ಮನದೊಂದು ಮುಚ್ಚಿದ ಅಕ್ಕಿ ಗಿರಣಿಯಿದೆ, ಕಾಂಪೌಂಡು ಎತ್ತರವಾಗಿದೆ, ಕೇಳಿ ನೋಡುತ್ತೇನೆ ಎಂದರು.

ಎರಡು ನಾಯಿಗಳು ಹಳೆಯ ಗುಡಿಯ ಬಿದ್ದ ಕಲ್ಲುಗಳ ನಡುವೆ ಮಲಗಿದ್ದವು. ಅವನ್ನು ಬಲೆಗೆ ಕೆಡವುವಷ್ಟರಲ್ಲಿ ಅಕ್ಕ ತಮ್ಮ ಇಬ್ಬರ ಮೊಣಕೈಯೂ ತರಚಿ ಹೋಯಿತು. ಕೆಂಚಿಗೆ ಬಲೆ ಬೇಕಾಗಲಿಲ್ಲ. ಹೆಸರು ಕೂಗಿದ್ದೇ ತಡ, ಹೊಲದ ಬದುವಿನಿಂದ ಬಾಲ ಅಲ್ಲಾಡಿಸುತ್ತ ಓಡಿ ಬಂದು ಅವಳ ಕಾಲಿಗೆ ಮೈ ಉಜ್ಜಿತು. ಮೂತಿಯ ಕೂದಲಲ್ಲಿ ರಕ್ತ ಒಣಗಿ ಗಟ್ಟಿಯಾಗಿತ್ತು. ಸುಷ್ಮಿತಾ ಅದರ ಕೊರಳಿಗೆ ಹಗ್ಗದ ಗಂಟು ಹಾಕಿದಳು. ಮಾಳೇಶ ಬೇರೆ ಕಡೆ ನೋಡುತ್ತ ನಿಂತಿದ್ದ.

ಮಧ್ಯಾಹ್ನ ಗೂಡ್ಸ್ ಆಟೊ ಕುಪ್ಪಗಡ್ಡೆ ಮುಟ್ಟಿತು. ಶೇಷಮ್ಮ ಗೇಟು ತೆಗೆದು ಮೂರನ್ನೂ ನೋಡಿದಳು.

"ನಮ್ಮ ಧರ್ಮಪ್ಪ ಹೇಳ್ದ ಅಂತ ಒಪ್ಕಂಡೆ ಕಣೆ. ಚೈನ್ ಹಾಕಿ ಕಟ್ಟು. ಬಿಟ್ರೆ ನನ್ನ ಕೋಳಿ ಉಳಿಯಲ್ಲ."

ನಾಯಿಯನ್ನು ದಿನವಿಡೀ ಕಟ್ಟಿಹಾಕುವುದಕ್ಕಿಂತ ಅದಕ್ಕೆ ದೊಡ್ಡ ಹಿಂಸೆ ಇಲ್ಲವೆಂದು ಶಾಲೆಯ ಮಕ್ಕಳಿಗೆ ಹೇಳುತ್ತಿದ್ದವಳು ತಾನೇ ಕೂತು ಮೂರು ಚೈನ್ ಬಿಗಿದಳು. ಅಷ್ಟರಲ್ಲಿ ಚೈತ್ರಶ್ರೀಯ ಫೋನು ಬಂತು.

"ಎಲ್ಲಿದ್ದಿ ಮಾರಾಯ್ತಿ? ನಾಳೆ ಬೆಳಿಗ್ಗೆ ಅಲೆ ಭಾರೀ ಚೆಂದ ಉಂಟಂತೆ."

"ಬರಕ್ಕಾಗಲ್ಲ ಕಣೆ. ನಿಮ್ಮನೇಲಿ ಇಟ್ಟಿರೋ ನನ್ನ ಸರ್ಫಿಂಗ್ ಬೋರ್ಡು ಯಾರಾದ್ರೂ ಕಲಿಯೋರಿಗೆ ಕೊಟ್ಟುಬಿಡು. ಸುಮ್ನೆ ಬಿದ್ದಿರೋದು ಬೇಡ."

ಆ ಕಡೆ ಚೈತ್ರಶ್ರೀ ಏನೋ ಹೇಳುತ್ತಲೇ ಇದ್ದಳು. ಇವಳು ಹೂಂಗುಟ್ಟುತ್ತ ಗಿರಣಿಯ ಮೆಟ್ಟಿಲ ಮೇಲೆ ಕೂತಳು.

ಮುಂದಿನ ವಾರಗಳಲ್ಲಿ ಶನಿವಾರ ಊರು, ಭಾನುವಾರ ಕುಪ್ಪಗಡ್ಡೆ ಎಂದಾಯಿತು. ಮಾಳೇಶನ ಜೊತೆ ಸೇರಿ ರೊಪ್ಪದ ಸುತ್ತ ಆಳೆತ್ತರದ ತಂತಿ ಬಲೆ ಕಟ್ಟಿದಳು. ಮೊದಲ ಶನಿವಾರ ಅವನು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಒಂದು ನಾಯಿಯನ್ನು ಧರ್ಮಪ್ಪನವರು ತಮ್ಮ ಮನೆಗೆ ಕರೆದೊಯ್ದರು. ಇನ್ನೊಂದು ಕೊರಳಪಟ್ಟಿ ಕಿತ್ತುಕೊಂಡು ಹೋದದ್ದು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಕೆಂಚಿ ಉಳಿಯಿತು. ಅನ್ನ ಹಾಕಿದರೆ ಮೊದಲು ಅವಳ ಕೈ ಮೂಸುತ್ತಿತ್ತು, ಆಮೇಲೆ ಗೇಟಿನ ಕಡೆ ನೋಡುತ್ತಿತ್ತು.

ಐದನೇ ಭಾನುವಾರ, ಆನವಟ್ಟಿ ಕಡೆ ಟಗರೊಂದನ್ನು ನೋಡಲು ಬಂದಿದ್ದ ಚಿಕ್ಕಬೀರಪ್ಪ ಗಿರಣಿಯ ದಾರಿ ಕೇಳಿಕೊಂಡು ಬಂದ. ಹೆಗಲ ಕಂಬಳಿ ಸರಿಮಾಡಿಕೊಳ್ಳುತ್ತ ದೂರದಲ್ಲೇ ನಿಂತು ನಾಯಿಯನ್ನು ನೋಡಿದ.

"ಸೊರಗೈತಿ," ಎಂದ.

"ತಿನ್ನಲ್ಲಪ್ಪ ಸರಿಯಾಗಿ."

"ಇದರ ಮ್ಯಾಲೆ ನಂಗೆ ಸಿಟ್ಟಿಲ್ಲವ್ವ. ಆದ್ರೆ ಆ ಮರಿಗಳ ಸಂಕಟ ಹೋಗವಲ್ದು."

"ನಂಗೂ ಹೋಗಿಲ್ಲ," ಎಂದಳು ಸುಷ್ಮಿತಾ. ಈ ಮಾತನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ.

ಇಬ್ಬರೂ ರಸ್ತೆಗೆ ಬಂದು ಬಸ್ಸಿಗೆ ಕಾದರು. ಐದೂವರೆಯದು ಹೋಗಿಯಾಗಿತ್ತು. ಮೈಲಿಗಲ್ಲಿನ ಮೇಲೆ ಕೂತ ಚಿಕ್ಕಬೀರಪ್ಪ ಇದ್ದಕ್ಕಿದ್ದಂತೆ ಕೇಳಿದ, "ಆ ಸಮುದ್ರದಾಗೆ ಏನ್ ಮಾಡ್ತೀಯವ್ವ ನೀನು?"

ಎಂದೂ ಕೇಳಿರಲಿಲ್ಲ.

"ಹಲಗೆ ಮ್ಯಾಲೆ ಬೋರಲು ಮಲಗಿ ಕಾಯಾದಪ್ಪ. ಒಳ್ಳೆ ಅಲೆ ಬಂದ್ರೆ ಎದ್ದು ನಿಲ್ಲಾದು."

"ಎಷ್ಟೊತ್ತು ನಿಲ್ತೀಯ?"

"ಹತ್ತು ಸೆಕೆಂಡು. ಹೆಚ್ಚಂದ್ರೆ ಹದಿನೈದು."

"ಅಷ್ಟಕ್ಕೆ ಅಲ್ಲೀ ತನಕ ಹೋಗ್ತೀಯ?"

"ಹೂಂ."

ಚಿಕ್ಕಬೀರಪ್ಪ ಗಿರಣಿಯ ಕಡೆ ತಿರುಗಿದ. "ಯಾವತ್ತಾದ್ರೂ ಹೋಗಾದಾದ್ರೆ ಹೇಳು. ಅವತ್ತು ನಾನು ಬಂದು ಅದಕ್ಕೆ ಅನ್ನ ಹಾಕ್ತೀನಿ."

ಸುಷ್ಮಿತಾ ಆಗಲಿ ಎಂದಳು. ಯಾವಾಗ ಎಂದು ಹೇಳುವಷ್ಟು ತ್ರಾಣ ಅವಳಲ್ಲಿರಲಿಲ್ಲ.

ಬಸ್ಸು ತುಂಬಿ ಬಂತು. ಅಪ್ಪನಿಗೊಂದು ಸೀಟು ಹಿಡಿದು ಕೊಟ್ಟು, ಅವಳು ಕಂಬಿ ಹಿಡಿದು ನಿಂತಳು. ಸೊರಬ ಬರುವಷ್ಟರಲ್ಲಿ ಅವನು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ಶಿರಾಳಕೊಪ್ಪದಲ್ಲಿ ಎಬ್ಬಿಸಿ ಎಂದು ಕಂಡಕ್ಟರಿಗೆ ಹೇಳಿ ಸುಷ್ಮಿತಾ ಇಳಿದಳು.