ಮೂಸಿದರೆ ಅರ್ಧ ಊಟ

ವೇದಾ ಯಾವುದನ್ನೂ ಮೂಗಿಗೆ ಹಿಡಿದು ಮೂಸುವವಳಲ್ಲ. ಕುದಿಯುವ ಸಾರಿರಲಿ, ಎಣ್ಣೆ ಹಚ್ಚಿದ, ಪಕ್ಕದ ಮನೆಯವಳಾದ ನನ್ನ ಕೂಸಿನ ನೆತ್ತಿಯಿರಲಿ, ಗೇಣು ದೂರ ನಿಂತು, ಅಂಗೈಯಿಂದ ಗಾಳಿಯನ್ನು ತನ್ನತ್ತ ಬೀಸಿಕೊಂಡು, ಅರೆಗಣ್ಣಿನಲ್ಲಿ ಪರಿಮಳವನ್ನು ಬರಮಾಡಿಕೊಳ್ಳುವಳು. ಹೈದರಾಬಾದಿನ ವಿಶ್ವವಿದ್ಯಾಲಯದ ರಸಾಯನಶಾಲೆ ಕಲಿಸಿದ ಚಾಳಿ. ಕೊರೋನಾದಲ್ಲಿ ಹಾಸ್ಟೆಲು ಮುಚ್ಚಿ ನಮ್ಮೂರು ಮಕ್ತಲ್‌ಗೆ ಮರಳಿದಾಗ ಆ ಚಾಳಿಯನ್ನೇ ಊರ ಕೆಲಸಕ್ಕೆ ಹಚ್ಚಿದಳು. ಜ್ವರಕ್ಕಿಂತ ಮೊದಲೇ ಎಷ್ಟೋ ಜನರ ಮೂಗು ಸಾಯುತ್ತದೆಂದು ಸಹಪಾಠಿಗಳೊಡನೆ ಓದಿಕೊಂಡು, ಇಂಗು, ಲವಂಗ, ಕಾಫಿಪುಡಿಯ ಸೀಸೆಗಳನ್ನು ಬಿಳಿ ಕೋಟಿನ ಜೇಬಿಗಿಳಿಸಿ ಮನೆಮನೆ ತಿರುಗಿದಳು. ವಾಸನೆ ಬಾರದವರನ್ನು ಪರೀಕ್ಷೆಗೆ ಅಟ್ಟಿದಳು.

ಗಂಜ್ ಮಾರುಕಟ್ಟೆಯ ಹಮಾಲ ಮೊಗುಲಪ್ಪ, “ಪೊಲೀಸ್ ನಾಯಿ ಸಿಗಲಿಲ್ಲಂತ ನಿನ್ನ ಕಳಿಸ್ಯಾರೇನವ್ವಾ?” ಎಂದು ಹಲ್ಲು ಕಿರಿದ. ಅವಳು ಜಗಳವಾಡಿ ಇಂಗು ಹಿಡಿದಾಗ ನಗು ನಿಂತಿತು. ಆಸ್ಪತ್ರೆ ಸೇರಿದ, ಬದುಕಿ ಬಂದ.

ಅವಳನ್ನು ಸಾಕಿದ ಅಜ್ಜಿ ರಾಧಾಬಾಯಿ, ರಾಯರ ಹೆಸರಿಲ್ಲದೆ ಕಾಲು ಕೆಳಗಿಡದ ಜೀವ, ಏಕಾದಶಿಯ ಬೆಳಗ್ಗೆ ಅಂಗಡಿಯವನನ್ನು ಬೈಯುತ್ತಿದ್ದಳು: “ಈ ಸರ್ತಿ ಕರ್ಪೂರ ಕಲಬೆರಕಿ ಅದ, ವಾಸನಿನೇ ಇಲ್ಲ.” ವೇದಾ ಕರಡಿಗೆಯ ಮೇಲಿನ ಗಾಳಿಯನ್ನು ಬೀಸಿಕೊಂಡಳು. ಕರ್ಪೂರ ಮೂಗಿಗೆ ಘಾಟು ಹೊಡೆಯಿತು. ಸೀಸೆ ತೆಗೆದರೆ ಅಜ್ಜಿ ಮುಖ ತಿರುಗಿಸಿದಳು. ಹನಿ ನೀರೂ ಮುಟ್ಟದ ಉಪವಾಸದಂದು ಮೂಸುವುದೂ ಅರ್ಧ ಊಟವೆಂಬುದು ಆ ಮನೆಯ ನಿಯಮ.

“ನಾಳೆ ಪಾರಣಿ ಆದಮ್ಯಾಲ ಮೂಸ್ತೀನಿ, ಆಸ್ಪತ್ರಿಗೂ ಬರ್ತೀನಿ. ಲಗ್ನ ಆದಾಗಿಂದ ಹಿಡದ ವ್ರತ ನಿನ್ನ ಇಂಗಿಗೆ ಕೆಡಸಲೇನು?”

ಊರೊಡನೆ ಕಾದಾಡಿದವಳು ‘ಆಗ್ಲಿ ಅಜ್ಜಿ’ ಎಂದುಬಿಟ್ಟಳು. ಕರ್ಪೂರವೇ ಪರೀಕ್ಷೆ ಮುಗಿಸಿತ್ತೆಂದು ಬಲ್ಲವಳು ಅವಳೊಬ್ಬಳೇ.

ದ್ವಾದಶಿಯ ನಸುಕಿನಲ್ಲಿ ಅಗಸೆಸೊಪ್ಪಿನ ಪಲ್ಯ ಬಡಿಸುವಾಗ, ಒಣಗಿದ ಆ ದೇಹ ಕೂತಲ್ಲೇ ಏದುಸಿರು ಬಿಡುತ್ತಿತ್ತು. ಆಸ್ಪತ್ರೆಯ ಹಾಸಿಗೆ ಹುಡುಕುತ್ತ ಗದ್ವಾಲಿಗೆ ಹೊರಟ ಗಾಡಿ ಕೃಷ್ಣೆಯನ್ನು ದಾಟುವ ಮೊದಲೇ ಉಸಿರು ನಿಂತಿತು.

ದ್ವಾದಶಿಯ ಸಾವು, ಪುಣ್ಯವಂತೆ ಎಂದರು ನೆಂಟರು. ಅಜ್ಜಿಯ ವ್ರತ ಕೆಡಿಸದ ಮೊಮ್ಮಗಳನ್ನು ಹೊಗಳಿದರು. ಮೊಗುಲಪ್ಪನೊಬ್ಬನೇ ಬಾಗಿಲ ಹೊರಗೆ ನಿಂತು, ನೆಲ ನೋಡುತ್ತ ಕೇಳಿದ: “ನನ್ನ ಕೂಡ ಜಗಳಾಡಿ ಮೂಸಾಕ ಹಚ್ಚಿದಿ. ಆಯಮ್ಮನ ಕೂಡ ಯಾಕ ಆಡಲಿಲ್ಲವ್ವಾ?”

ಈಗಲೂ ವೇದಾ ಎಲ್ಲವನ್ನೂ ದೂರದಿಂದಲೇ ಬೀಸಿಕೊಳ್ಳುತ್ತಾಳೆ. ಕರ್ಪೂರದ ಕರಡಿಗೆಯನ್ನು ಮಾತ್ರ ಮೂಗಿಗೆ ಒತ್ತಿ ಹಿಡಿಯುತ್ತಾಳೆ. ನಮ್ಮಲ್ಲಿ ಓದಿದ ಹೆಣ್ಣುಮಕ್ಕಳು ಹೀಗೆಯೇ: ಕಲಿತದ್ದನ್ನು ಊರಿಗೆಲ್ಲ ಹಠದಿಂದ ಹಂಚಬಲ್ಲರು, ಹೊಸ್ತಿಲೊಳಗೆ ಬಂದೊಡನೆ ಅದನ್ನು ಚಪ್ಪಲಿಯ ಜೊತೆ ಹೊರಗೆ ಬಿಡುತ್ತಾರೆ, ಹಾಗೆ ಬಿಟ್ಟದ್ದಕ್ಕೇ ಅವರನ್ನು ವಿನಯವಂತೆಯರೆಂದು ಕೊಂಡಾಡುವವರು ನಾವು.