ಹೊಗೆ ಬರಲಿ

“ಹೊಗೆ ಎಲ್ರೇ, ಹೊಗೆ? ಹೆಣ ಕಾಯೋರ ಥರ ಕೂತಿದೀರಲ್ಲ ಮುಂಡೇವಾ! ಸಾಹೇಬ್ರು ಬಂದ ತಕ್ಷಣ ಮೂಗಿಗೆ ಹೊಡೀಬೇಕು!”

ಮ್ಯಾನೇಜರು ಬೆಂಚಿನಿಂದ ಬೆಂಚಿಗೆ ಕುಣಿಯುತ್ತಿದ್ದ. ನಾವು ಹೆಂಗಸರು ಗುಜರಿಗೆ ಹೋಗಬೇಕಿದ್ದ ಹಳೇ ಸರ್ಕಿಟ್ ಬೋರ್ಡುಗಳಿಗೆ ಬೆಸುಗೆಯ ಸೋಲ್ಡರಿಂಗ್ ಐರನ್ ಮುಟ್ಟಿಸಿ ಹೊಗೆ ಎಬ್ಬಿಸುತ್ತಿದ್ದೆವು.

ಒಂದು ಕಾಲಕ್ಕೆ ಇದೇ ಬೆಂಚುಗಳ ಮೇಲೆ ಊರೂರಿನ ಟೆಲಿಫೋನ್ ಎಕ್ಸ್‌ಚೇಂಜುಗಳು ಹುಟ್ಟುತ್ತಿದ್ದವು. ಕಂಪನಿಯ ಯಜಮಾನರು ಸ್ವತಃ ಎಂಜಿನಿಯರು. ಧೂಳು, ಸೆಖೆ, ಇಲಿ ಯಾವುದಕ್ಕೂ ಜಗ್ಗದ ಯಂತ್ರ ಮಾಡಿದ್ದರು. ಆಮೇಲೆ ಸರ್ಕಾರ ಹೊರದೇಶದ ಕಂಪನಿಗಳಿಗೆ ಬಾಗಿಲು ತೆರೆಯಿತು. ಬಂದವರು ತಮ್ಮ ಯಂತ್ರಗಳನ್ನು ಹೆಚ್ಚುಕಡಿಮೆ ಬಿಟ್ಟಿಯಾಗಿಯೇ ಮಾರಿದರು. ನಮ್ಮ ಯಂತ್ರವನ್ನು ಮೂಸಿ ನೋಡುವವರಿಲ್ಲದೆ ಯಜಮಾನರು ಅವರಿಗೇ ಏಜೆಂಟರಾದರು. ಅರ್ಧದಷ್ಟಾದರೂ ಭಾಗಗಳು ಇಲ್ಲೇ ತಯಾರಾಗಬೇಕೆಂದು ಸರ್ಕಾರದ ಷರತ್ತು. ಆಗುತ್ತಿದ್ದುದು ಇಷ್ಟೇ: ಅಲ್ಲಿಂದ ಬಂದ ಪೆಟ್ಟಿಗೆ ಒಡೆದು, ನಮ್ಮ ಹೆಸರು ಅಂಟಿಸಿ, ಮತ್ತೆ ಮುಚ್ಚುವುದು. ಷರತ್ತಿನಂತೆ ಇಲ್ಲೇ ತಯಾರಾಗುತ್ತಿದೆಯೇ ಎಂದು ತಪಾಸಣೆ ಮಾಡಲು ಇವತ್ತು ಇಲಾಖೆಯ ಸಾಹೇಬರ ಸವಾರಿ; ಅದಕ್ಕೇ ಈ ಹೊಗೆ.

“ದಪ್ಪಕ್ಕಾ, ಏನೇ ಮಾಡ್ತಿದೀವಿ ನಾವು?” ಎಂದೆ, ಪಕ್ಕದ ಸ್ಟೂಲಿನವಳಿಗೆ.

“ಧೂಪ ಹಾಕ್ತಿದೀವಿ ಕಣೇ. ಕಂಪನಿ ಸತ್ತಿದೆಯಲ್ಲ!”

ನಗು ತಡೆಯಲಾಗದೆ ಕೆಮ್ಮಿದೆ. ಅಷ್ಟರಲ್ಲಿ ಸಾಹೇಬರು ಕರ್ಚೀಫು ಮೂಗಿಗೆ ಹಿಡಿದು ಬಂದರು. ಹಿಂದೆ ಕೈಕಟ್ಟಿಕೊಂಡು ಯಜಮಾನರು.

“ಏನಮ್ಮಾ ತಯಾರು ಮಾಡ್ತಿದೀಯ?” ಸಾಹೇಬರು ದಪ್ಪಕ್ಕನನ್ನು ಕೇಳಿದರು.

“ಹೊಗೆ, ಸಾರ್.”

ಮ್ಯಾನೇಜರು ಅಡ್ಡ ಬಂದ. ದಪ್ಪಕ್ಕ ಅವನ ಹೆಗಲಾಚೆಯಿಂದಲೇ ಮುಂದುವರಿಸಿದಳು.

“ಇಲ್ಲಿ ಅದೊಂದೇ ಸಾರ್ ತಯಾರಾಗೋದು. ಮಿಕ್ಕಿದ್ದೆಲ್ಲ ಅಲ್ಲಿಂದ ಬರುತ್ತೆ. ಬೇಕಾದ್ರೆ ಗೋಡೌನ್ ತೆಗ್ಸಿ ನೋಡಿ.”

ಸಾಹೇಬರಿಗೆ ಆಶ್ಚರ್ಯವೇ ಆಗಲಿಲ್ಲ. “ಒಳ್ಳೆ ತಮಾಷೆ ಹೆಂಗ್ಸು ಕಣ್ರೀ” ಎಂದು ನಕ್ಕು, ಊಟ ಎಲ್ಲಿ ಎಂದು ಕೇಳುತ್ತ ಆಫೀಸಿನತ್ತ ನಡೆದರು. ಆಗ ನಮಗೆ ಗೊತ್ತಾಯಿತು, ಅವರಿಗೆ ಮೊದಲೇ ಎಲ್ಲ ಗೊತ್ತಿತ್ತೆಂದು.

“ಗೇಟಿಂದಾಚೆ ಬೀಳೇ, ದರಿದ್ರದವಳೇ!” ಮ್ಯಾನೇಜರು ಕಿರುಚಿದ.

ದಪ್ಪಕ್ಕ ಯಜಮಾನರ ಮುಖ ನೋಡಿದಳು. “ಎಂಜಿನಿಯರ್ ಸಾರ್, ನೀವಾದ್ರೂ ಒಂದ್ ಮಾತಾಡಿ.”

“ನನ್ ಕೈಲೇನಿದೆಯಮ್ಮಾ?” ಅವರು ತಮ್ಮ ಬೂಟು ನೋಡಿಕೊಂಡರು.

“ಅಯ್ಯೋ ಪಾಪ. ನಮ್ ಕೈಲಿದೆ, ಬಿಡಿ.”

ಐರನ್ ಆರಿಸಿ, ಕೂತಿದ್ದ ಸ್ಟೂಲನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ಒಬ್ಬೊಬ್ಬರಾಗಿ ನಾವೂ ಸ್ಟೂಲು ಎತ್ತಿಕೊಂಡೆವು. “ಲೇ, ಅದು ಕಂಪನಿ ಸಾಮಾನು!” ಎಂದು ಮ್ಯಾನೇಜರು ಬೆನ್ನಟ್ಟಿದ. “ಇದಾದ್ರೂ ಇಲ್ಲೇ ಮಾಡಿದ್ದು ಕಣೋ ಬೋಳಿಮಗನೇ!” ಯಾರೋ ಕೂಗಿದರು. ಆ ದನಿ ನನ್ನದೇ ಎಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು.

ಗೇಟಿಗೆ ಅಡ್ಡಲಾಗಿ ಸಾಲು ಹಾಕಿ ಕೂತೆವು. ಉಂಡ ಸಾಹೇಬರನ್ನು ಹೊತ್ತ ಕಾರು ನಮ್ಮ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಡ್ರೈವರು ಹಾರ್ನ್ ಹೊಡೆದೇ ಹೊಡೆದ.

“ಹೊಡಿಯಪ್ಪಾ, ಹೊಡಿ” ಎಂದು ದಪ್ಪಕ್ಕ ಕಾಲ ಮೇಲೆ ಕಾಲು ಹಾಕಿದಳು. “ಸಾಹೇಬ್ರು ಇಳಿದು ಗೋಡೌನ್ ನೋಡೋವರ್ಗೂ ಹೊಡೀತಿರು.”

ಕಾರಿನ ಗಾಜು ಮೆಲ್ಲಗೆ ಇಳಿಯಿತು. ನಮ್ಮಲ್ಲಿ ಯಾರೂ ಎದ್ದು ನಿಲ್ಲಲಿಲ್ಲ.